ಶಾಮಿಯಾನದ ಅಂಗಡಿಗೊಂದು ಸಾಫ್ಟ್‌ವೇರ್

ಬಸವೇಶ್ವರನಗರದ ಗೃಹಪ್ರವೇಶದ ಮನೆ ಮುಂದೆ ಶಾಮಿಯಾನ ಕಟ್ಟಿ, ಚೇರು ಜೋಡಿಸಿ, ಪಾತ್ರೆಗಳನ್ನು ಅಡುಗೆಯವರಿಗೆ ಒಪ್ಪಿಸಿ ನಮ್ಮ ಹುಡುಗರು ಆಗಷ್ಟೇ ತಿಂಡಿಗೆ ಕೂತಿದ್ದರು. ಅಂಗಡಿಯಲ್ಲಿದ್ದ ನನಗೆ ಕೆಂಗೇರಿಯಿಂದ ಫೋನ್ ಬಂತು. ಗಂಡಸಿನ ದನಿ. ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು.

“ಆಂಟಿ, ಹೋಮ ಶುರುವಾಗಿದೆ. ನೆಂಟರೆಲ್ಲ ಬಿಸಿಲಲ್ಲಿ ನಿಂತಿದಾರೆ. ನಿಮ್ಮ ಗಾಡಿ ಇನ್ನೂ ಬಂದೇ ಇಲ್ವಲ್ಲ?”

ಕೆಂಗೇರಿಯ ವಿಷಯವೇ ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಪೇಪರ್ ಹಿಡಿದು ಕೂತಿದ್ದ ನಮ್ಮ ಯಜಮಾನರನ್ನು ಕೇಳಿದೆ.

“ಯಾವ ಕೆಂಗೇರಿ?” ಅಂದರು. ಪೇಪರ್ ಮಡಚಿಟ್ಟರು. “ಹೌದು, ಬಂದಿದ್ರು. ಗಂಡ ಹೆಂಡ್ತಿ ಇಬ್ರೂ. ಮಗು ಕೈಲಿ ಬಲೂನಿತ್ತು.”

“ಯಾವತ್ತಿಗೆ ಅಂದ್ರು?”

“ಅದೇ ಕಣೇ, ಇವತ್ತಿಗೆ ಇರ್ಬೇಕು.”

ಬಲೂನು ನೆನಪಿತ್ತು, ತಾರೀಖು ಇರಲಿಲ್ಲ. ನಾನು ನಮ್ಮ ಹುಡುಗರ ಮೇಸ್ತ್ರಿಗೆ ಫೋನ್ ಮಾಡಿ, ಹೆಗ್ಗನಹಳ್ಳಿಯ ಗೋಡೌನಿನಲ್ಲಿ ಉಳಿದಿದ್ದ ಹಳೆಯ ಬಟ್ಟೆ, ಕಾಲು ಅಲುಗಾಡುತ್ತದೆಂದು ಪಕ್ಕಕ್ಕಿಟ್ಟಿದ್ದ ಚೇರುಗಳನ್ನೇ ಹೇರಿಸಿ ಕಳಿಸಿದೆ. ಗಾಡಿ ಕೆಂಗೇರಿ ಮುಟ್ಟುವಷ್ಟರಲ್ಲಿ ಅಲ್ಲಿ ಊಟಕ್ಕೆ ಎಲೆ ಹಾಕಿದ್ದರಂತೆ. ಆ ಮನೆಯವರು ಬೈಯಲಿಲ್ಲ. ಒಂದು ಮಾತೂ ಆಡಲಿಲ್ಲವೆಂದು ಮೇಸ್ತ್ರಿ ಬಂದು ಹೇಳಿದ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ನನಗೆ.

ನಮ್ಮದು ಆರ್‌ಪಿಸಿ ಲೇಔಟಿನ ಒಂದು ಅಡ್ಡರಸ್ತೆಯಲ್ಲಿರುವ ಸಣ್ಣ ಅಂಗಡಿ. ಶಾಮಿಯಾನ, ಚೇರು, ಟೇಬಲ್ಲು, ಜಮಖಾನ, ದೊಡ್ಡ ಅಡುಗೆಗೆ ಬೇಕಾದ ಕೊಪ್ಪರಿಗೆ, ಬೋಸಿ, ಬಕೆಟ್ಟು, ಸೌಟು ಎಲ್ಲ ಬಾಡಿಗೆಗೆ ಕೊಡುತ್ತೇವೆ. ಇದನ್ನು ಕಟ್ಟಿದ್ದು ನಮ್ಮ ಯಜಮಾನರು. ಬರೆದಿಡುವ ಅಭ್ಯಾಸ ಅವರಿಗೆ ಯಾವತ್ತೂ ಇರಲಿಲ್ಲ. ಯಾವ ಮನೆಗೆ ಯಾವ ದಿನ ಏನು ಹೋಗಬೇಕು, ಯಾರ ಮನೆ ಮುಂದೆ ಗೂಟ ಹೊಡೆಯಲು ಮಣ್ಣಿದೆ, ಯಾರದು ಬರೀ ಕಾಂಕ್ರೀಟು, ಯಾವ ರಸ್ತೆಗೆ ದೊಡ್ಡ ಗಾಡಿ ತಿರುಗುವುದಿಲ್ಲ, ಎಲ್ಲ ತಲೆಯಲ್ಲೇ ಇರುತ್ತಿತ್ತು. ನಾನು ಮನೆಯಲ್ಲಿ ಕೂತು ಬಿಲ್ಲು, ಬ್ಯಾಂಕು, ತೆರಿಗೆಯ ಕಾಗದ ನೋಡಿಕೊಳ್ಳುತ್ತಿದ್ದೆ. ಹಿಂದಿನ ದೀಪಾವಳಿ ಹೊತ್ತಿಗೆ ಒಂದು ಬೆಳಿಗ್ಗೆ ಅವರ ಮಾತು ತೊದಲಿತು. ಆಸ್ಪತ್ರೆಗೆ ಸೇರಿಸಿದೆವು. ತಲೆಯಲ್ಲಿ ಸ್ವಲ್ಪ ರಕ್ತ ಹೆಪ್ಪುಗಟ್ಟಿದೆ, ಬೇಗ ಕರೆತಂದಿದ್ದು ಒಳ್ಳೆಯದಾಯಿತು ಅಂದರು. ಕೈಕಾಲಿಗೆ ಏನೂ ಆಗಲಿಲ್ಲ, ಮಾತೂ ಸರಿಹೋಯಿತು. “ಸ್ವಲ್ಪ ಮರೆವು ಇರಬಹುದು, ಬರ್ತಾ ಬರ್ತಾ ಸರಿ ಹೋಗುತ್ತೆ” ಎಂದು ಡಾಕ್ಟರು ಹೇಳಿದ ಮಾತನ್ನೇ ಹಿಡಿದುಕೊಂಡು ನಾನೂ ಅಂಗಡಿಗೆ ಹೋಗಿ ಕೂರಲು ಶುರುಮಾಡಿದೆ. ಮನೆ ಕೆಲಸ ಮುಗಿಸಿ ಅಂಗಡಿ, ಅಂಗಡಿ ಮುಗಿಸಿ ಮತ್ತೆ ಮನೆ. ಹೊಸಿಲು ದಾಟುವಾಗೆಲ್ಲ, ಈ ಕಡೆ ಕೆಲಸ ಮುಗಿಯಿತೋ ಆ ಕಡೆಯದು ಶುರುವಾಯಿತೋ ಅಂತ ತಿಳಿಯದಷ್ಟು ಸುಸ್ತು.

ಕೆಂಗೇರಿಯ ಕಥೆ ಆದ ಮೇಲೆ ಒಂದು ಸಾಫ್ಟ್‌ವೇರ್ ಹಾಕಿಸೋಣವೆಂದು ನಾನೇ ಹೇಳಿದೆ.

“ಏನಾದ್ರೂ ಮಾಡ್ಕೋ” ಅಂದರು ಇವರು. ಬೇಡ ಅಂದಿದ್ದರೆ ಜಗಳವಾಡಬಹುದಿತ್ತು.

ನಮ್ಮ ಆಡಿಟರು ರಾಜಾಜಿನಗರದವರು. ವಯಸ್ಸಿನಲ್ಲಿ ನನಗಿಂತ ದೊಡ್ಡ ಹೆಂಗಸು. ಮಾತು ಕಡಿಮೆ, ಆಡಿದ್ದು ನೇರ. ಮೆಟ್ಟಿಲು ಹತ್ತಿ ಅವರ ಮುಂದೆ ಕೂತು ಉಸಿರು ಬಿಟ್ಟು ಕೇಳಿದೆ: “ಮೇಡಂ, ಒಂದು ಒಳ್ಳೇ ಸಾಫ್ಟ್‌ವೇರ್ ಹೇಳಿ.”

“ಒಳ್ಳೇದು ಅಂತ ಯಾವುದೂ ಇರಲ್ಲಮ್ಮ. ಯಾವ ಕೆಲಸಕ್ಕೆ ಅನ್ನೋದಿರುತ್ತೆ. ನಿನ್ನ ಅಂಗಡಿಗೆ ಬಂದು ಒಂದು ಪಾತ್ರೆ ಕೊಡಿ ಅಂದ್ರೆ ನೀನೇನು ಕೊಡ್ತೀಯ?”

“ಎಷ್ಟು ಜನಕ್ಕೆ, ಏನಡುಗೆ ಅಂತ ಕೇಳ್ತೀನಿ.”

“ಹಾಗೇ ಇದೂನೂ.” ಕನ್ನಡಕ ತೆಗೆದಿಟ್ಟು ನಿಧಾನವಾಗಿ ಹೇಳಿದರು. “ಲೆಕ್ಕದ್ದು ಅಂತ ಒಂದಿದೆ. ಅದು ನಿಮ್ಮಲ್ಲಿ ಆಗಲೇ ಇದೆ, ಬಿಲ್ ಹಾಕ್ತೀಯಲ್ಲ, ಅದೇ. ದಾಸ್ತಾನು ನೋಡ್ಕೊಳ್ಳೋದು ಬೇರೆ. ಎಷ್ಟು ಬಂತು, ಎಷ್ಟು ಹೋಯ್ತು, ಎಷ್ಟು ಉಳೀತು. ಗಿರಾಕಿಗಳನ್ನ ನೋಡ್ಕೊಳ್ಳೋದು ಇನ್ನೊಂದು. ಯಾರು ಕೇಳಿದ್ರು, ಯಾರು ಮತ್ತೆ ಬರಬಹುದು, ಯಾರಿಗೆ ಫೋನ್ ಮಾಡ್ಬೇಕು. ಕೆಲಸದವರ ಹಾಜರಿ, ಸಂಬಳ ನೋಡೋದೂ ಇದೆ. ಇದನ್ನೆಲ್ಲ ಒಂದೇ ಮೂಟೇಲಿ ಕಟ್ಟಿಕೊಡೋದಕ್ಕೆ ಇಆರ್‌ಪಿ ಅಂತಾರೆ. ದೊಡ್ಡ ಫ್ಯಾಕ್ಟರಿಗಳಲ್ಲಿ ಅದೇ ಇರೋದು.”

“ನಮಗೆ ಯಾವುದು?”

“ನಿನಗೆ ಎಲ್ಲಿ ನೋಯ್ತಿದೆ ಅಂತ ಮೊದಲು ಹೇಳು. ಆಮೇಲೆ ತಾನೇ ಮಾತ್ರೆ.”

ಅಂಗಡಿಯಲ್ಲಿ ಬುಕಿಂಗ್ ಎಡವಟ್ಟಾಗುತ್ತಿದೆ ಅಂದೆ. ಯಾಕೆ ಆಗುತ್ತಿದೆ ಅನ್ನುವುದನ್ನು ಹೇಳಲಿಲ್ಲ. ಗಂಡನ ಮರೆವನ್ನು ಬೇರೆಯವರ ಮುಂದೆ ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಎಲ್ಲಿ ನೋವು ಅಂತ ಗೊತ್ತಿಲ್ಲದವರು ಮಾಡುವ ಹಾಗೆ, ನಾನೂ ಎಲ್ಲದಕ್ಕೂ ಔಷಧಿ ಕೊಡುತ್ತೇವೆ ಅಂದವರನ್ನೇ ಮೊದಲು ಕರೆಸಿದೆ. ಇಆರ್‌ಪಿಯವರು ಇಬ್ಬರು ಬಂದರು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಚೇರುಗಳನ್ನು ಆಚೆ ಸರಿಸಿ, ಗೋಡೆಯ ಮೇಲೆ ಬೆಳಕು ಬಿಟ್ಟು ಚಿತ್ರ ತೋರಿಸಿದರು. ಹುಡುಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಹುಡುಗ ಅದನ್ನೇ ಅರ್ಧಂಬರ್ಧ ಕನ್ನಡ ಮಾಡುತ್ತಿದ್ದ. ನಮ್ಮ ಯಜಮಾನರು ಒಂದು ಮೂಲೆಯಲ್ಲಿ ಕೂತಿದ್ದರು. ಮೇಸ್ತ್ರಿ ಬಾಗಿಲಿಗೆ ಒರಗಿ ನಿಂತಿದ್ದ. ಅವನು ಯಾದಗಿರಿ ಕಡೆಯವನು. ಹೆಂಡತಿ ಮಕ್ಕಳ ಜೊತೆ ಹೆಗ್ಗನಹಳ್ಳಿಯಲ್ಲೇ ಇದ್ದಾನೆ. ನಮ್ಮಲ್ಲಿ ಭಾರ ಹೊರುವವರೆಲ್ಲ ಅವನ ಕಡೆಯವರೇ.

“ನಿಮ್ಮ ವ್ಯವಹಾರ ಹೆಂಗೆ ನಡೆಯುತ್ತೆ, ಮೊದಲಿಂದ ಹೇಳಿ ಮೇಡಂ” ಅಂದ ಹುಡುಗ.

“ಸಾಮಾನು ಹೋಗುತ್ತೆ, ವಾಪಸ್ ಬರುತ್ತೆ.”

“ಎಷ್ಟು ಪರ್ಸೆಂಟ್ ವಾಪಸ್ ಬರುತ್ತೆ?”

“ಎಲ್ಲಾನೂ ಬರುತ್ತಪ್ಪ.”

ಅವರಿಬ್ಬರೂ ಮುಖ ಮುಖ ನೋಡಿಕೊಂಡರು. “ಎಲ್ಲಾನೂ ಗಿರಾಕಿ ವಾಪಸ್ ಮಾಡ್ತಾರೆ ಅಂದ್ರೆ ಸಾಮಾನಲ್ಲೇ ಏನೋ ತೊಂದರೆ ಇರ್ಬೇಕಲ್ವಾ ಮೇಡಂ?”

ಮೇಸ್ತ್ರಿ ಬಾಯಿಗೆ ಟವೆಲ್ ಅಡ್ಡ ಹಿಡಿದು ಆಚೆ ಹೋದ. ನನಗೂ ನಗು ಬಂತು, ಆದರೆ ನಗುವಷ್ಟು ಚೈತನ್ಯವಿರಲಿಲ್ಲ. ಬಾಡಿಗೆಯ ವಿಚಾರ ಬಿಡಿಸಿ ಹೇಳಿದೆ. ಅವರು ಹಾಂ ಹೂಂ ಅಂದು ತಲೆಯಾಡಿಸಿದರು. ಆದರೆ ಅವರ ಯಂತ್ರಕ್ಕೆ ಅದು ಅರ್ಥವಾಗಲಿಲ್ಲ. ಕೊಪ್ಪರಿಗೆಯೊಂದನ್ನು ಮದುವೆ ಮನೆಗೆ ಕಳಿಸಿದ ಹಾಗೆ ಒತ್ತಿ ತೋರಿಸಿದರೆ, ಗೋಡೆಯ ಮೇಲೆ ಕೊಪ್ಪರಿಗೆ ಮಾರಾಟವಾಗಿಹೋಯಿತು. ಹೊಸದು ಕೊಳ್ಳಿ ಎಂದು ಒಂದು ಸೂಚನೆಯೂ ಬಂತು. ಇನ್ನು ಯಾವ ಸಾಮಾನು ಹೊರಗೆ ಹೋಗಬೇಕಾದರೂ ಮೂರು ವಿಭಾಗದವರ ಒಪ್ಪಿಗೆ ಬೇಕಂತೆ. ನಮ್ಮಲ್ಲಿ ವಿಭಾಗವೆಂದರೆ ನಾನು, ಇವರು, ಮೇಸ್ತ್ರಿ.

“ಇದನ್ನೆಲ್ಲ ನಿಮಗೆ ಬೇಕಾದ ಹಂಗೆ ಬದಲಾಯಿಸಿ ಕೊಡ್ತೀವಿ. ಒಂದಾರು ತಿಂಗಳು ಹಿಡಿಯುತ್ತೆ. ಅಲ್ಲೀವರೆಗೂ ನಿಮ್ಮ ಕಡೆಯಿಂದ ಒಬ್ರು ಪೂರ್ತಿ ಇದಕ್ಕೇ ಅಂತ ಕೂರ್ಬೇಕಾಗುತ್ತೆ” ಅಂದ ಹುಡುಗ. ಆ ಒಬ್ಬರು ಯಾರೆಂದು ನೋಡಲು ನಾನು ತಿರುಗಿದರೆ ಮೂಲೆಯ ಕುರ್ಚಿ ಖಾಲಿ. ಟೀಗೆ ಅಂತ ಎದ್ದುಹೋದ ಇವರು ಆ ಮಕ್ಕಳು ಹೊರಟ ಮೇಲೆಯೇ ಬಂದದ್ದು.

ಹಾಜರಿ ಹಾಕುವ ಸಾಫ್ಟ್‌ವೇರಿನವರೂ ಒಬ್ಬರು ಫೋನ್ ಮಾಡಿದ್ದರು. ಮುಖ ತೋರಿಸಿದರೆ ಹಾಜರಿ ಬೀಳುತ್ತದಂತೆ. ಮೇಸ್ತ್ರಿಯನ್ನು ಕೇಳಿದೆ. “ಬೆಳಿಗ್ಗೆ ಒಂದ್ ಮುಖ ಇರ್ತೈತ್ರಿ ಅಕ್ಕಾರ, ಸಂಜಿಗೆ ಮಸಿ ಹತ್ತಿ ಇನ್ನೊಂದ್ ಮುಖ ಇರ್ತೈತಿ. ಅದಕ್ಕ ಹ್ಯಾಂಗ ಗುರ್ತು ಹತ್ತಬೇಕು?” ಅಂದ. ಅದನ್ನು ಅಲ್ಲಿಗೇ ಬಿಟ್ಟೆ. ನಮ್ಮ ತೊಂದರೆ ಕೆಲಸದವರಲ್ಲಿರಲಿಲ್ಲ.

ಆಮೇಲೆ ದಾಸ್ತಾನಿನದು. ನಾವು ಬಿಲ್ ಹಾಕುತ್ತಿದ್ದ ಲೆಕ್ಕದ ಸಾಫ್ಟ್‌ವೇರಿಗೇ ಅದನ್ನು ಸೇರಿಸಿಕೊಳ್ಳಬಹುದಿತ್ತು. ಆಡಿಟರ ಕಚೇರಿಯಿಂದ ಒಬ್ಬರು ಬಂದು ಹಾಕಿಕೊಟ್ಟರು. ನಾನೂ ಮೇಸ್ತ್ರಿಯೂ ಗೋಡೌನಿನ ತಗಡಿನ ಕಾವಿನಲ್ಲಿ ಸೌಟು ಸೌಟು ಎಣಿಸಿ ಎಲ್ಲವನ್ನೂ ತುಂಬಿದೆವು. ಇದರಿಂದ ಒಂದು ಸಮಾಧಾನ ಸಿಕ್ಕಿತು. ನಮ್ಮಲ್ಲಿ ಏನೇನಿದೆ ಅನ್ನುವುದು ಮೊದಲ ಸಲ ಕಣ್ಣಿಗೆ ಕಂಡಿತು. ಆದರೆ ಬಳಸುತ್ತಾ ಬಳಸುತ್ತಾ ತಿಳಿಯಿತು, ಅದು ಇವತ್ತಿನ ಮಾತನ್ನಷ್ಟೇ ಹೇಳುತ್ತದೆ. ಇವತ್ತು ಗೋಡೌನಿನಲ್ಲಿ ಇನ್ನೂರು ಚೇರಿದೆ ಅನ್ನುತ್ತದೆ. ಮುಂದಿನ ಶುಕ್ರವಾರ ಎಷ್ಟಿರುತ್ತದೆ ಅಂದರೆ ಸುಮ್ಮನಿರುತ್ತದೆ. ನಮ್ಮ ಗಿರಾಕಿ ಬಂದು ಕೇಳುವುದು ಮುಂದಿನ ಶುಕ್ರವಾರವನ್ನೇ.

ಹೀಗಿರುವಾಗಲೇ ಗದಗಿನ ಹುಡುಗನೊಬ್ಬ ಬಂದ. ಗಿರಾಕಿಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾರುವವನು. ಬೈಕಿನಲ್ಲಿ ಬಂದು, ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು, ನಾನು ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದ. ನನ್ನಷ್ಟೇ ದಣಿದಿದ್ದ ಅನ್ನುವ ಕಾರಣಕ್ಕೇ ಅವನ ಮಾತು ಕೇಳಲು ಕೂತೆನೇನೋ.

“ಅಕ್ಕಾರ, ವ್ಯಾಪಾರ ಅಂದ್ರ ಸಾಮಾನಲ್ರಿ. ಮಂದಿ. ಮಂದಿನ್ನ ನೆನಪಿಟ್ಕೊಂಡವ್ರು ಉಳೀತಾರ. ಇದು ನೆನಪಿಡ್ತೈತ್ರಿ.”

ಪಾಠ ಒಪ್ಪಿಸಿದ ಹಾಗೆ ಹೇಳಿದ ಮಾತು. ಇನ್ನೂ ಹತ್ತು ಅಂಗಡಿಯಲ್ಲಿ ಹೇಳಿರುತ್ತಾನೆ. ಆದರೂ ನನಗೆ ತಟ್ಟಿತು. ಇವರು ಈ ವ್ಯಾಪಾರ ಕಟ್ಟಿದ್ದು ಮಂದಿಯನ್ನು ನೆನಪಿಟ್ಟುಕೊಂಡೇ. ನೋವಿರುವ ಜಾಗ ಇದೇ ಇರಬೇಕು ಅಂದುಕೊಂಡು ಅದನ್ನು ಪರೀಕ್ಷೆಗೆ ಹಾಕಿಸಿಕೊಂಡೆ.

ಹಳೆಯ ಗಿರಾಕಿಗಳನ್ನೆಲ್ಲ ಅದರೊಳಗೆ ತುಂಬಬೇಕಿತ್ತು. ಸಂಜೆ ಹೊತ್ತು ಅಂಗಡಿಯಲ್ಲಿ ಇವರ ಫೋನ್ ಹಿಡಿದು ಒಬ್ಬೊಬ್ಬರನ್ನೇ ಓದುತ್ತಿದ್ದೆ. ಇವರು ಹೆಸರಿನಿಂದ ಯಾರನ್ನೂ ಬರೆದಿಟ್ಟುಕೊಂಡಿರಲಿಲ್ಲ. ‘ಎಮ್ಮೆ ಮನೆ’, ‘ಮೂರನೇ ಮಹಡಿ ಲಿಫ್ಟ್ ಇಲ್ಲ’, ‘ಜೋರುಬಾಯಿ ಅಕ್ಕ’, ‘ನೀಲಿ ಗೇಟು’.

“ಎಮ್ಮೆ ಮನೆ ಯಾರ್ರೀ? ಇಲ್ಲೆಲ್ಲಿದೆ ಎಮ್ಮೆ?”

“ಈಗಿಲ್ಲ ಕಣೇ. ಆಗ ಇತ್ತು. ಅವರಪ್ಪ ಮಾರಿ ಆ ಜಾಗದಲ್ಲಿ ನಾಲ್ಕು ಬಾಡಿಗೆ ಮನೆ ಕಟ್ಟಿದ್ರು. ದೊಡ್ಡ ಮಗಳ ಮದುವೆಗೆ ನಮ್ಮದೇ ಚಪ್ಪರ. ಮಳೆ ಬಂದು ಬಟ್ಟೆ ಮೇಲೆ ನೀರು ನಿಂತು, ನಾನೂ ಅವರಪ್ಪನೂ ಕೋಲು ಹಿಡ್ಕೊಂಡು ಎತ್ತಿ ಎತ್ತಿ ಸುರೀತಿದ್ವಿ.”

ಒಂದು ಸಂಖ್ಯೆ ಕೇಳಿದರೆ ಒಂದು ಕಥೆ ಬರುತ್ತಿತ್ತು. ನನ್ನ ಕೆಲಸ ಮುಂದೆ ಸಾಗುತ್ತಿರಲಿಲ್ಲ, ಆದರೆ ನಿಲ್ಲಿಸಿ ಅನ್ನಲು ಮನಸ್ಸಾಗುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಇವರು ಅಷ್ಟು ಮಾತಾಡಿದ್ದು ಆಗಲೇ. ಇಷ್ಟೆಲ್ಲ ನೆನಪಿದೆಯಲ್ಲ, ಮರೆವು ಎಲ್ಲಿದೆ ಎಂದು ನಾನು ಹಿಗ್ಗಿದ್ದೆ. ಆ ಕಥೆಗಳಲ್ಲಿ ಈಚಿನದೊಂದೂ ಇರಲಿಲ್ಲ ಅನ್ನುವುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಹೊಸ ಬುಕಿಂಗುಗಳನ್ನೂ ಅದರಲ್ಲೇ ಹಾಕತೊಡಗಿದೆ. ಸಮಾರಂಭ ಯಾವುದೆಂದು ಕೇಳುವ ಕಡೆ ಮದುವೆ, ನಾಮಕರಣ, ಗೃಹಪ್ರವೇಶ, ಹುಟ್ಟುಹಬ್ಬ, ಇತರೆ ಎಂದಿತ್ತು. ತಿಥಿಯ ಅಡುಗೆಗೆ ಪಾತ್ರೆ ಹೋದರೆ ಇತರೆ ಎಂದು ಒತ್ತುತ್ತಿದ್ದೆ. ಇನ್ನೇನು ಒತ್ತಲು ಸಾಧ್ಯವಿತ್ತು? “ಗಿರಾಕಿಗೆ ಮೆಸೇಜ್ ತಾನಽ ಹೋಗ್ತಾವ್ರಿ, ನೀವೇನ್ ಮಾಡೂದು ಬ್ಯಾಡ” ಎಂದು ಹುಡುಗ ಹೇಳಿದ್ದ. ಒಂದು ಕೆಲಸ ಕಡಿಮೆಯಾಯಿತೆಂದು ನಾನೂ ಸುಮ್ಮನಿದ್ದೆ.

ಯುಗಾದಿ ಕಳೆದ ಮೇಲೆ ಬಾಪೂಜಿ ನಗರದ ಒಂದು ಮನೆಯಿಂದ ಸಾವಿನ ಸುದ್ದಿ ಬಂತು. ಹಿಂದೆ ಅಲ್ಲಿ ಹೊಲ ಮಾಡುತ್ತಿದ್ದ ಕುಟುಂಬ. ಹೋದವರು ಆ ಮನೆಯ ಹಿರಿಯರು. ಇವರಿಗೆ ಅಣ್ಣನಂತಿದ್ದವರು. ಇವರು ವ್ಯಾಪಾರ ಶುರುಮಾಡಿದಾಗ ತಮ್ಮ ಮನೆಯ ಕೆಲಸಗಳಿಗೆಲ್ಲ ಕರೆದು, ಹತ್ತು ಮನೆಗೆ ಹೇಳಿ ಬೆಳೆಸಿದವರು. ಮಣ್ಣಿಗೆ ಹೋಗಿಬಂದೆವು. ಹನ್ನೊಂದನೇ ದಿನದ ಅಡುಗೆಗೆ ಅನ್ನದ ಕೊಪ್ಪರಿಗೆ, ಮುದ್ದೆಯ ಪಾತ್ರೆ, ಶಾಮಿಯಾನ ಎಲ್ಲ ನಮ್ಮಿಂದಲೇ ಹೋಯಿತು.

ಸಾಮಾನು ವಾಪಸ್ ಬಂದ ಮರುದಿನ ಬೆಳಿಗ್ಗೆ ಅವರ ಮಗ ಫೋನ್ ಮಾಡಿದ. ನಲವತ್ತು ದಾಟಿದವನು, ನಮ್ಮನ್ನು ಚಿಕ್ಕಪ್ಪ ಚಿಕ್ಕಮ್ಮ ಅನ್ನುವವನು. ಅವತ್ತು ಚಿಕ್ಕಮ್ಮ ಅನ್ನಲಿಲ್ಲ.

“ಏನ್ರೀ ಇದು? ಅಪ್ಪನ ಕಾರ್ಯ ಮಾಡಿ ಇನ್ನೂ ಮನೆ ಸಾರಿಸಿಲ್ಲ. ಮೊಬೈಲ್ ತೆಗೆದು ನೋಡ್ರಿ ಏನ್ ಕಳ್ಸಿದೀರ ಅಂತ. ಅಮ್ಮನ ಮೊಬೈಲ್‌ಗೆ ಕಳ್ಸಿದೀರ ಅದನ್ನ!”

ತೆಗೆದು ನೋಡಿದೆ. ಬಣ್ಣದ ಕಾಗದ ಹಾರುವ ಚಿತ್ರ. ಕೆಳಗೆ ನಮ್ಮ ಅಂಗಡಿಯ ಹೆಸರು. ‘ನಿಮ್ಮ ಸಂಭ್ರಮದಲ್ಲಿ ನಮ್ಮನ್ನೂ ಸೇರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ಇಂಥ ಸಂದರ್ಭ ಮತ್ತೆ ಮತ್ತೆ ಬರಲಿ. ಮುಂದಿನ ಸಮಾರಂಭಕ್ಕೆ ವಿಶೇಷ ರಿಯಾಯಿತಿ.’

ಇವರಿಗೆ ಓದಿ ಹೇಳಿದೆ. “ನಡಿ, ಹೋಗಿ ಬರೋಣ” ಅಂದರು ಇವರು. ಅಷ್ಟು ಬೇಗ, ಅಷ್ಟು ಸ್ಪಷ್ಟವಾಗಿ ಅಂದಿದ್ದು ಕೇಳಿ ನನಗೆ ಧೈರ್ಯ ಬಂತು. ಇಂಥದ್ದನ್ನು ಸರಿಮಾಡುವುದು ಅವರಿಗೆ ಗೊತ್ತು, ಅವರಿದ್ದಾರೆ ಅಂದುಕೊಂಡೆ. ಆಟೋದಲ್ಲಿ ದಾರಿಯುದ್ದಕ್ಕೂ ನಾನು ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಇವರು ಹೊರಗೆ ನೋಡುತ್ತಿದ್ದರು.

ಮಗ ಬಾಗಿಲಲ್ಲೇ ನಿಂತಿದ್ದ. ಒಳಗೆ ಬನ್ನಿ ಅನ್ನಲಿಲ್ಲ, ಅಡ್ಡವೂ ನಿಲ್ಲಲಿಲ್ಲ. ನಡುಮನೆಯಲ್ಲಿ ಅವನ ತಾಯಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಎದುರಿಗೆ ಫೋಟೋ, ಹಾರ, ದೀಪ. ನಾನು ಅವರ ಪಕ್ಕ ಕೂತು ಕೈ ಹಿಡಿದುಕೊಂಡೆ. “ಅಮ್ಮ, ಅದು ನಾವು ಕಳಿಸಿದ್ದಲ್ಲ, ಮಿಷನ್ನು...” ಅಂತ ಶುರುಮಾಡಿದೆ.

ಇವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಆರಾಮಾಗಿ ಸುತ್ತ ನೋಡಿದರು. ಫೋಟೋದ ಕಡೆಯೂ ಕಣ್ಣು ಹಾಯಿತು. ಆಮೇಲೆ ಆ ತಾಯಿಯ ಕಡೆ ತಿರುಗಿ, ಯಾವಾಗಲೂ ಕೇಳುವ ದನಿಯಲ್ಲೇ ಕೇಳಿದರು.

“ಅಣ್ಣ ಎಲ್ಲಕ್ಕಾ? ಕಾಣಿಸ್ತಾನೇ ಇಲ್ಲ?”

ಮಗ ಮುಖ ಕೆಂಪಗೆ ಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ಆ ತಾಯಿ ಇವರ ಮುಖವನ್ನೇ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಬಿಡಿಸಿ ಹೇಳಬೇಕಾಗಿ ಬರಲಿಲ್ಲ.

“ಆಚ್ಗೋದ್ರು ಕಣಪ್ಪ” ಅಂದರು. “ಬತ್ತಾರೆ. ಕೂತ್ಕೋ. ಕಾಪಿ ಕುಡಿ.”

ಇವರು ಕೂತರು. ಸೊಸೆ ಕಾಫಿ ತಂದುಕೊಟ್ಟಳು. ಇವರು ಕಾಫಿ ಕುಡಿಯುತ್ತಾ, ಈ ಮನೆ ಕಟ್ಟುವಾಗ ಬಾವಿ ಮುಚ್ಚಬಾರದು ಅಂತ ಅಣ್ಣನಿಗೆ ಹೇಳಿದ್ದೆ ಎಂದು ಏನೇನೋ ಹಳೆಯದು ಹೇಳುತ್ತಾ ಹೋದರು. ಆ ತಾಯಿ ಹೂಂ ಅನ್ನುತ್ತಿದ್ದರು. ಒಂದೆರಡು ಕಡೆ ಇವರು ಬಿಟ್ಟಿದ್ದನ್ನು ಅವರೇ ಸೇರಿಸಿದರು. ಹೊರಡುವಾಗ ಕುಂಕುಮ ಕೊಡಲು ಸೊಸೆಯನ್ನು ಕರೆದು, ನನ್ನ ಕೈ ಅದುಮಿ, “ಮೆಸೇಜಿನ ಇಚಾರ ಬುಡವ್ವ. ನೀನು ಇವನ್ನ ಡಾಕ್ಟ್ರ ತಾವ ಕರ್ಕೊಂಡೋಗು” ಅಂದರು.

ಮಗ ಆಟೋ ತನಕ ಬಂದ. ಇವರನ್ನು ತಾನೇ ಕೈ ಹಿಡಿದು ಹತ್ತಿಸಿದ. “ಬೆಳಿಗ್ಗೆ ಹಂಗ್ ಮಾತಾಡ್ಬಿಟ್ಟೆ ಚಿಕ್ಕಮ್ಮ” ಅಂದ. ನಾನು ಪರವಾಗಿಲ್ಲ ಅನ್ನಬೇಕಿತ್ತು. ಕೈ ಎತ್ತಿದೆ ಅಷ್ಟೆ.

ಅವತ್ತು ಮಧ್ಯಾಹ್ನವೇ ಗದಗಿನ ಹುಡುಗನನ್ನು ಕರೆಸಿದೆ. ಬೈಯಬೇಕೆಂದೇ ಕರೆಸಿದ್ದು. ನಡೆದದ್ದನ್ನು ಕೇಳುತ್ತಾ ಕೇಳುತ್ತಾ ಅವನು ಕುರ್ಚಿಯ ತುದಿಗೆ ಬಂದು ಕೂತ. “ತಪ್ಪಾತ್ರಿ ಅಕ್ಕಾರ. ನಮ್ಮ ಕಡೆ ಸತ್ತವರ ಮನಿಗೆ ಬರಿಗೈಲೆ ಹೋಗಾಕೂ ಹಿಂದ ಮುಂದ ನೋಡ್ತೀವಿ. ಹಿಂಗಾತಲ್ರಿ” ಅಂದ. ಮೆಸೇಜುಗಳನ್ನೆಲ್ಲ ಅಲ್ಲೇ ನಿಲ್ಲಿಸಿದ. ಆಮೇಲೆ ಹೆಲ್ಮೆಟ್ಟನ್ನು ತಿರುಗಿಸುತ್ತಾ ತಡೆದು ತಡೆದು ಕೇಳಿದ: “ತಿಂಗಳ ಕೊನೀತನ ತಗಸಬ್ಯಾಡ್ರಿ. ನನ್ನ ಟಾರ್ಗೆಟ್ ಒಂದ್ ಕಡಿಮಿ ಆಗ್ತೈತಿ.” ಸರಿ ಅಂದೆ. ಜಗಳವಾಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ತಿಂಗಳ ಕೊನೆಯವರೆಗೂ ಅದು ಹಾಗೇ ಇತ್ತು, ಯಾರೂ ಮುಟ್ಟಲಿಲ್ಲ.

ಆಡಿಟರ ಹತ್ತಿರ ಮತ್ತೆ ಹೋದೆ. ಈ ಸಲ ಎಲ್ಲ ಹೇಳಿದೆ. ಅವರು ನಾನು ಅತ್ತು ಮುಗಿಸುವವರೆಗೂ ಕಿಟಕಿಯ ಕಡೆ ನೋಡುತ್ತಿದ್ದು, ಆಮೇಲೆ ನೀರು ಕೊಟ್ಟರು.

“ನೀನು ಮೊದಲೇ ಹೇಳಿದ್ರೆ ಇಷ್ಟು ಸುತ್ತು ಇರ್ತಿರ್ಲಿಲ್ಲ” ಅಂದರು. “ನಿನ್ನ ಗಂಡ ನೆನಪಲ್ಲಿಟ್ಕೊಂಡಿದ್ದು ಎರಡು. ಯಾವ ದಿನ ಯಾವ ಸಾಮಾನು ಎಲ್ಲಿ, ಅದು ಒಂದು. ಜನ, ಅದು ಇನ್ನೊಂದು. ಮೊದಲನೇದನ್ನ ಮಿಷನ್ನಿಗೆ ಕೊಡಬಹುದು. ಬಾಡಿಗೆಗೆ ಕೊಡೋರಿಗೆ ಅಂತಲೇ ಬುಕಿಂಗ್ ಸಾಫ್ಟ್‌ವೇರ್ ಬೇರೆ ಇದೆ, ಕ್ಯಾಮೆರಾ ಬಾಡಿಗೆ ಕೊಡೋರು, ಕಾರು ಕೊಡೋರು ಇಟ್ಕೊಂಡಿರ್ತಾರೆ. ತಾರೀಖಿನ ಮೇಲೆ ನಡೆಯುತ್ತೆ. ಅದನ್ನ ಹಾಕಿಸ್ಕೋ. ಲೆಕ್ಕ ಈಗಿರೋದ್ರಲ್ಲೇ ಇರ್ಲಿ. ಮಿಕ್ಕಿದ್ದು ಯಾವುದೂ ಬೇಡ.”

“ಜನ?”

“ಅದನ್ನ ನೀನು ನೋಡ್ಕೋಬೇಕು. ಆದಷ್ಟು.”

ಬುಕಿಂಗಿನದು ದೊಡ್ಡ ಸದ್ದುಗದ್ದಲವಿಲ್ಲದೆ ಬಂತು. ಅದಕ್ಕೆ ಸಾಮಾನು ಹೋಗಿ ವಾಪಸ್ ಬರುತ್ತದೆ ಎನ್ನುವುದು ಹುಟ್ಟುತ್ತಲೇ ಗೊತ್ತಿತ್ತು. ದಾಸ್ತಾನಿನಲ್ಲಿ ತುಂಬಿದ್ದನ್ನೇ ಇದಕ್ಕೆ ಸಾಗಿಸಿದರು, ಮತ್ತೆ ಸೌಟು ಎಣಿಸುವುದು ತಪ್ಪಿತು. ಒಂದೇ ದಿನಕ್ಕೆ ಇರುವುದಕ್ಕಿಂತ ಹೆಚ್ಚು ಚೇರು ಒಪ್ಪಿಕೊಂಡರೆ ಆ ಸಾಲು ಕೆಂಪಾಗುತ್ತದೆ. ಇಷ್ಟಕ್ಕೇ ನಾನು ತಿಂಗಳುಗಟ್ಟಲೆ ಒದ್ದಾಡಿದ್ದೆ. ಅದಕ್ಕೂ ತಿಳಿಯದ್ದು ಬೇಕಾದಷ್ಟಿದೆ. ಸುಮನಹಳ್ಳಿಯ ಟ್ರಾಫಿಕ್ಕಿನಲ್ಲಿ ಗಾಡಿ ಸಿಕ್ಕಿಕೊಂಡದ್ದು ಅದಕ್ಕೆ ತಿಳಿಯುವುದಿಲ್ಲ. ಯಾವ ಮನೆ ಮುಂದೆ ಕಾಂಕ್ರೀಟು, ಯಾವ ಮನೆಯ ಅಜ್ಜಿಗೆ ಸ್ಟೀಲಿನದಲ್ಲದೆ ಬೇರೆ ಬಕೆಟ್ಟು ಆಗುವುದಿಲ್ಲ ಎಂಬುದನ್ನೆಲ್ಲ ಇವರನ್ನು ಕೇಳಿ ಕೇಳಿ ನಾನು ಷರಾ ಅನ್ನುವ ಕಡೆ ಬರೆಯುತ್ತೇನೆ. ಕೇಳಿದ್ದಕ್ಕೆಲ್ಲ ಉತ್ತರ ಸಿಗುವುದಿಲ್ಲ. ದೊಡ್ಡ ಮದುವೆಗಳನ್ನು ಒಪ್ಪಿಕೊಳ್ಳುವುದು ಬಿಟ್ಟೆ. ನಾಮಕರಣ, ಸೀಮಂತ, ತಿಥಿ, ಬೀದಿಯ ಗಣಪತಿ, ಇಷ್ಟು ಸಾಕು. ಇವರು ಬೆಳಿಗ್ಗೆ ಅಂಗಡಿಗೆ ಬಂದು ಕೂರುತ್ತಾರೆ. ಬಂದವರು ಮೊದಲು ಅವರ ಹತ್ತಿರ ಮಾತಾಡಿ, ಆಮೇಲೆ ನನ್ನ ಹತ್ತಿರ ಬಂದು ತಾರೀಖು ಬರೆಸುತ್ತಾರೆ.

ರಾಜಾಜಿನಗರದಲ್ಲಿ ಹೊಸ ಡಾಕ್ಟರೊಬ್ಬರಿಗೆ ತೋರಿಸುತ್ತಿದ್ದೇವೆ. ಮೊದಲ ಸಲ ಹೋದಾಗ ಅವರು ಇವರನ್ನು ಹೊರಗೆ ಕೂರಿಸಿ ನನಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಸುಳ್ಳು ಸಮಾಧಾನ ಹೇಳಲಿಲ್ಲ ಅನ್ನುವುದಷ್ಟೇ ಸಾಕು. ಬರುವಾಗ ಮೆಟ್ರೋದಲ್ಲಿ ಬಂದೆವು. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿ ಕೂತೆವು. ಪುಣ್ಯಕ್ಕೆ ಇಬ್ಬರಿಗೂ ಸೀಟು ಸಿಕ್ಕಿತು. ವಿಜಯನಗರ ಬಂತು. ಬಾಗಿಲು ತೆರೆಯಿತು. ಇಳಿಯಬೇಕಿತ್ತು. ನನಗೆ ಏಳಲು ಮನಸ್ಸಾಗಲಿಲ್ಲ. ಇವರೂ ಏಳಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

“ಎಲ್ಲಿಗೆ ಹೋಗ್ತಾ ಇದೀವಿ?” ಅಂದರು ಇವರು.

“ಸುಮ್ನೆ ರೀ. ಒಂದು ಸುತ್ತು.”

“ಸರಿ” ಅಂದರು.

ಗಾಡಿ ಕಂಬಗಳ ಮೇಲೆ ಹೋಗುತ್ತಿತ್ತು. ಕೆಳಗೆ ಮೈಸೂರು ರಸ್ತೆ, ಬಸ್ಸುಗಳು, ತಾರಸಿಗಳ ಮೇಲೆ ಒಣಹಾಕಿದ ಬಟ್ಟೆ. ಒಂದು ಮನೆಯ ಮಹಡಿಯ ಮೇಲೆ ಯಾರದೋ ಶಾಮಿಯಾನ ಕಟ್ಟಿತ್ತು. ಇವರು ಬಗ್ಗಿ ನೋಡಿದರು. “ಮೂಲೆ ಹಗ್ಗ ಸಡಿಲ ಬಿಟ್ಟವ್ರೆ. ಗಾಳಿ ಬಂದ್ರೆ ಹೋಯ್ತು” ಅಂದರು. ಕೊನೆಯ ಸ್ಟೇಷನ್‌ವರೆಗೂ ಹೋಗಿ ಇಳಿದು, ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತೆವು. ಒಳ್ಳೆಯ ಗಾಳಿ ಬರುತ್ತಿತ್ತು. ಇವರು ನನ್ನ ಭುಜಕ್ಕೆ ತಲೆ ಕೊಟ್ಟು ಕಣ್ಣು ಮುಚ್ಚಿದರು. ಹೊರಗೆ ಹಾಗೆಲ್ಲ ಮಾಡುವವರೇ ಅಲ್ಲ. ನಾನೂ ಕಣ್ಣು ಮುಚ್ಚಿದೆ.

ಮೇಸ್ತ್ರಿಯ ಫೋನ್ ಬಂತು. “ಅಕ್ಕಾರ, ಗಾಡಿ ಹೇರಿ ನಿಲ್ಸೀನ್ರಿ. ಮೊದ್ಲ ಎಲ್ಲಿಗೆ ಹೋಗ್ಲಿ?”

ಭುಜ ಅಲುಗದ ಹಾಗೆ ಮೊಬೈಲ್ ತೆರೆದು ನೋಡಿ, ಮೊದಲು ಮಾಗಡಿ ರಸ್ತೆಯ ಮನೆ, ಆಮೇಲೆ ಬಸವೇಶ್ವರನಗರ ಅಂದೆ.

“ಆತ್ರಿ. ನೀವ್ ಎಲ್ಲಿದೀರಿ?”

“ಇಲ್ಲೇ ಇದೀವಿ. ಬರ್ತೀವಿ” ಅಂದು ಫೋನ್ ಇಟ್ಟೆ. ವಾಪಸ್ ಹೋಗುವ ಗಾಡಿ ಬಂದು ನಿಂತಿತ್ತು. ಅದನ್ನು ಹೋಗಲು ಬಿಟ್ಟು, ಇನ್ನೊಂದು ಬರಲಿ ಅಂದುಕೊಂಡು ಕೂತೆ.